ಮೈಕ್ರೊವೇವ್ ಪಾಪ್‌ಕಾರ್ನ್: ಸಿದ್ಧ ಪೊಟ್ಟಣ, ಕಾಗದದ ಚೀಲ, ಗಾಜಿನ ಬೋಗುಣಿ, ಸಿಲಿಕೋನ್ ಬಟ್ಟಲು – ಮನೆಗೆ ಯಾವುದು ಸರಿ?

ಪಾಪ್‌ಕಾರ್ನ್ ಮೂಲತಃ ಒಳ್ಳೆಯ ತಿಂಡಿ. ಹೊರಸಿಪ್ಪೆಯನ್ನಾಗಲಿ ಮೊಳಕೆಯ ಭಾಗವನ್ನಾಗಲಿ ಕಳೆದುಕೊಳ್ಳದ ಇಡೀ ಕಾಳು ಅದು. ಎಣ್ಣೆ ಸೋಕಿಸದೆ ಅರಳಿಸಿದ 100 ಗ್ರಾಂ ಪಾಪ್‌ಕಾರ್ನ್‌ನಲ್ಲಿ ಸುಮಾರು 14 ಗ್ರಾಂ ನಾರಿನಂಶವೂ 12ರಿಂದ 13 ಗ್ರಾಂ ಪ್ರೋಟೀನೂ ಇರುತ್ತವೆ. ಒಬ್ಬರು ಒಂದು ಹೊತ್ತಿಗೆ ತಿನ್ನುವ ಮೂರು ಕಪ್ ಅರಳು ತೂಗುವುದು ಸುಮಾರು 24 ಗ್ರಾಂ ಮಾತ್ರವಾದ್ದರಿಂದ, ಅದರಿಂದ ಸಿಗುವ ಶಕ್ತಿ ನೂರು ಕ್ಯಾಲೊರಿಯ ಒಳಗೇ ಇರುತ್ತದೆ. ಇಷ್ಟು ಸರಳವಾದ ಕಾಳಿಗೆ ಕೆಟ್ಟ ಹೆಸರು ಬಂದದ್ದು ಅದರ ಜೊತೆ ಸೇರಿಕೊಂಡ ಎಣ್ಣೆ, ಉಪ್ಪು, ಕೃತಕ ಪರಿಮಳ ಮತ್ತು ಸುತ್ತಿದ ಹೊದಿಕೆಗಳಿಂದ. ಹಾಗಾಗಿ ಮೈಕ್ರೊವೇವ್ ಇರುವ ಮನೆಯವರು ಮೊದಲು ತೀರ್ಮಾನಿಸಬೇಕಾದದ್ದು ಕಾಳನ್ನು ಯಾವುದರಲ್ಲಿ ಅರಳಿಸಬೇಕು ಎಂಬುದನ್ನು. ಅಗಲವಾದ ಗಾಜಿನ ಬೋಗುಣಿಯ ಮೇಲೊಂದು ಪಿಂಗಾಣಿ ತಟ್ಟೆ ಮುಚ್ಚಿ ಮಾಡುವ ವಿಧಾನವೇ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಉಳಿದ ಮೂರು ದಾರಿಗಳಿಗೂ ಅವುಗಳದೇ ಗುಣ ದೋಷಗಳಿವೆ.

ಕಾಳು ಅರಳುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಹೋಲಿಕೆ ಸುಲಭವಾಗುತ್ತದೆ. ಪಾಪ್‌ಕಾರ್ನ್ ತಳಿಯ ಕಾಳಿಗೆ ಗಟ್ಟಿಯಾದ, ಹಬೆಯನ್ನು ಹಿಡಿದಿಡಬಲ್ಲ ಸಿಪ್ಪೆಯಿದೆ; ಒಳಗೆ ಪಿಷ್ಟವೂ ಕಾಳಿನ ತೂಕದ ಶೇ. 14ರ ಆಸುಪಾಸಿನಷ್ಟು ನೀರೂ ಇರುತ್ತವೆ. ಕಾವು ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಆ ನೀರು ಹೊರಹೋಗಲು ದಾರಿಯಿಲ್ಲದೆ ಒಳಗೇ ಒತ್ತಡ ಕಟ್ಟಿ, ಸಿಪ್ಪೆಯನ್ನು ಬಿರಿಸಿ, ಮೆತ್ತಗಾದ ಪಿಷ್ಟವನ್ನು ಒಮ್ಮೆಲೇ ಉಬ್ಬಿಸುತ್ತದೆ. ಮೈಕ್ರೊವೇವ್ ಮುಖ್ಯವಾಗಿ ಬಿಸಿ ಮಾಡುವುದು ಆಹಾರದಲ್ಲಿರುವ ನೀರನ್ನು. ಒಣಗಿದ ಕಾಳಿನಲ್ಲಿ ಆ ನೀರು ಕಡಿಮೆ ಇರುವುದರಿಂದ ಅದು ನಿಧಾನವಾಗಿ ಕಾಯುತ್ತದೆ. ಕಾದಷ್ಟೇ ಬೇಗ ಸುತ್ತಲಿನ ಗಾಳಿಗೆ ಬಿಸಿಯನ್ನು ಬಿಟ್ಟುಕೊಡಲೂ ನೋಡುತ್ತದೆ. ಕಾಳುಗಳನ್ನು ಒತ್ತಾಗಿ ಕೂಡಿಟ್ಟು, ಬಿಸಿಯನ್ನು ಅವುಗಳ ನಡುವೆಯೇ ಉಳಿಸಿ, ಹೆಚ್ಚಾದ ಹಬೆಯನ್ನು ಮಾತ್ರ ಹೊರಬಿಡುವ ಪಾತ್ರೆ ಒಳ್ಳೆಯ ಪಾತ್ರೆ. ನಾಲ್ಕು ವಿಧಾನಗಳನ್ನೂ ಈ ಅಳತೆಯಿಂದಲೇ ನೋಡಬಹುದು.

ಸಿದ್ಧ ಪೊಟ್ಟಣ

ಅಂಗಡಿಯಲ್ಲಿ ಸಿಗುವ ಮೈಕ್ರೊವೇವ್ ಪೊಟ್ಟಣ ಈ ಅಳತೆಯಲ್ಲಿ ಚೆನ್ನಾಗಿಯೇ ಗೆಲ್ಲುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಬಳಸಿ ಮುಗಿದ ಪೊಟ್ಟಣವೊಂದನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ಬಿಡಿಸಿ ನೋಡಿದರೆ, ಕಾಳು ಕೂತಿದ್ದ ತಳದಲ್ಲಿ ಉಳಿದ ಕಾಗದಕ್ಕಿಂತ ಗಡುಸಾದ, ಬೂದು ಬಣ್ಣದ ಒಂದು ಚೌಕ ಕಾಣುತ್ತದೆ. ಅದು ಅಲ್ಯುಮಿನಿಯಮ್ಮಿನ ಅತಿ ತೆಳುವಾದ ಲೇಪವಿರುವ ಪ್ಲಾಸ್ಟಿಕ್ ಪದರ. ಮೈಕ್ರೊವೇವ್ ತರಂಗಗಳನ್ನು ಹೀರಿ ತಾನೇ ಬಾಣಲೆಯ ತಳದಂತೆ ಕಾಯುವುದರಿಂದ ಕಾಳುಗಳಿಗೆ ಎರಡು ಕಡೆಯಿಂದ ಬಿಸಿ ತಗಲುತ್ತದೆ. ಬೇಗ ಆಗುವುದಕ್ಕೂ ಅರಳದೆ ಉಳಿಯುವ ಕಾಳು ಕಡಿಮೆ ಇರುವುದಕ್ಕೂ ಅದೇ ಕಾರಣ.

ಕಸದ ದೃಷ್ಟಿಯಿಂದ ನೋಡಿದರೆ ಇದೇ ಜಾಣತನ ತೊಂದರೆಯಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಹಾಳೆ, ಒಳಗಿನ ಕಾಗದ, ಅದರ ತಳದ ಲೋಹಲೇಪಿತ ಪದರ, ಇವಿಷ್ಟಕ್ಕೂ ಹತ್ತಿದ ಎಣ್ಣೆ – ಇವನ್ನು ಬಿಡಿಸಿ ಬೇರೆ ಮಾಡಲು ಯಾರಿಂದಲೂ ಆಗದು. ಎಣ್ಣೆ ಹೀರಿದ ಕಾಗದ ಮರುಬಳಕೆಗೆ ಒದಗುವುದಿಲ್ಲ, ಪ್ಲಾಸ್ಟಿಕ್ ಅಂಟಿದ ಕಾಗದ ಗೊಬ್ಬರವಾಗುವುದಿಲ್ಲ. ಒಣ ಕಸದ ಬುಟ್ಟಿಗೆ ಹಾಕಿದರೂ ಅದರ ಕೊನೆ ಕಸದ ಗುಡ್ಡೆಯಲ್ಲೇ. ಒಂದು ಸಂಜೆಯ ತಿಂಡಿಗೆ ಇಷ್ಟು ಕಸ ಹೆಚ್ಚಾಯಿತು ಎಂದು ನನಗೆ ಮನಃಪೂರ್ವಕವಾಗಿ ಅನಿಸುತ್ತದೆ.

ಆರೋಗ್ಯದ ವಿಷಯದಲ್ಲಿ ಭಯವನ್ನೂ ನಿಜವನ್ನೂ ಬೇರೆಯಾಗಿ ಇಡುವುದು ಒಳ್ಳೆಯದು. ಎಣ್ಣೆ ಸೋರದಂತೆ ಇಂಥ ಕಾಗದಗಳಿಗೆ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳನ್ನು ಬಳಿಯುವ ರೂಢಿ ಬಹಳ ಕಾಲ ಇತ್ತು. ಅವು ಮಣ್ಣಿನಲ್ಲಾಗಲಿ ದೇಹದಲ್ಲಾಗಲಿ ಬೇಗ ಒಡೆಯದೆ ಉಳಿಯುತ್ತವೆ. ಆಹಾರದ ಹೊದಿಕೆಗೆ ಬಳಸುವ ಇಂಥ ಜಿಡ್ಡುನಿರೋಧಕಗಳ ಮಾರಾಟವನ್ನು ತಯಾರಕರು ಅಮೆರಿಕದಲ್ಲಿ ನಿಲ್ಲಿಸಿದ್ದಾರೆ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2024ರಲ್ಲಿ ಪ್ರಕಟಿಸಿತು. ನಿಮ್ಮ ಕೈಯಲ್ಲಿರುವ ಪೊಟ್ಟಣದ ಮೇಲೆ ಆ ಬಗ್ಗೆ ಏನೂ ಬರೆದಿಲ್ಲವಾದರೆ, ಅದರ ಕಾಗದಕ್ಕೆ ಏನು ಬಳಿದಿದ್ದಾರೆಂದು ನೋಡಿ ತಿಳಿಯುವ ಉಪಾಯ ಗ್ರಾಹಕರಿಗಿಲ್ಲ. ಬೆಣ್ಣೆಯ ಪರಿಮಳಕ್ಕಾಗಿ ಸೇರಿಸುತ್ತಿದ್ದ ಡೈಅಸಿಟೈಲ್ ಎಂಬ ವಸ್ತುವಿನ ಕಥೆ ಬೇರೆ. ಅಮೆರಿಕದ ಮಿಸೌರಿಯ ಕಾರ್ಖಾನೆಯೊಂದರಲ್ಲಿ ಅದರ ಆವಿಯನ್ನು ದಿನವೂ ಉಸಿರಾಡಿದ ಕಾರ್ಮಿಕರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬಂದದ್ದು 2000ದಲ್ಲಿ ಬೆಳಕಿಗೆ ಬಂತು, 2007ರ ಹೊತ್ತಿಗೆ ಅಲ್ಲಿನ ದೊಡ್ಡ ತಯಾರಕರು ಅದನ್ನು ಕೈಬಿಡುವುದಾಗಿ ಹೇಳಿದರು. ಕಾರ್ಖಾನೆಯ ಗಾಳಿಯಲ್ಲಿ ಇದ್ದ ಪ್ರಮಾಣಕ್ಕೂ ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ತೆರೆಯುವ ಪೊಟ್ಟಣಕ್ಕೂ ಅಜಗಜಾಂತರವಿರುವುದರಿಂದ ತಿನ್ನುವವರು ಅದಕ್ಕಾಗಿ ಗಾಬರಿಪಡಬೇಕಾಗಿಲ್ಲ.

ದಿನನಿತ್ಯ ತಟ್ಟುವ ವಿಷಯ ಇನ್ನೂ ಸಾಮಾನ್ಯವಾದದ್ದು, ಕೊಬ್ಬು ಮತ್ತು ಉಪ್ಪು. ಹಲವು ಸಿದ್ಧ ಪೊಟ್ಟಣಗಳಲ್ಲಿ 100 ಗ್ರಾಂಗೆ 20 ಗ್ರಾಂ ಅಥವಾ ಅದಕ್ಕೂ ಹೆಚ್ಚು ಕೊಬ್ಬು ಇರುತ್ತದೆ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿ ಉಳಿಯಲೆಂದು ಹೆಚ್ಚಾಗಿ ತಾಳೆ ಎಣ್ಣೆಯನ್ನೇ ಹಾಕಿರುತ್ತಾರೆ. ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬಿನ ಚಿಂತೆ ಮೊದಲಿನಷ್ಟಿಲ್ಲ. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಅದರ ಮಿತಿ ಶೇ. 2ಕ್ಕೆ ಇಳಿದಿದೆ. ಸೋಡಿಯಂನ ಸಂಖ್ಯೆಯನ್ನು ಮಾತ್ರ ತಪ್ಪದೆ ಓದಿ, ಅದನ್ನು ಎರಡೂವರೆಯಿಂದ ಗುಣಿಸಿ. ಉಪ್ಪಿನ ತೂಕ ಸಿಗುತ್ತದೆ. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ ಇರುವವರ ಮನೆಯಲ್ಲಿ ಈ ಒಂದು ಗುಣಾಕಾರವೇ ತೀರ್ಮಾನಕ್ಕೆ ಸಾಕಾಗುತ್ತದೆ.

ಕಾಗದದ ಚೀಲ

ಸಾದಾ ಕಂದು ಕಾಗದದ ಚೀಲದಲ್ಲಿ ಒಂದು ಹಿಡಿ ಕಾಳು ಹಾಕಿ ಬಾಯಿ ಮಡಿಚಿ ಅರಳಿಸುವ ಉಪಾಯ ಹೊರದೇಶಗಳಿಂದ ಬಂದು ಇಲ್ಲಿಯೂ ಸಾಕಷ್ಟು ಹಬ್ಬಿದೆ. ಕೇಳಲು ಸೊಗಸು, ಖರ್ಚೂ ಕಡಿಮೆ. ಆದರೂ ನಮ್ಮ ಊರುಗಳಲ್ಲಿ ಇದನ್ನು ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಅಂಗಡಿಯ ಕಂದು ಚೀಲಗಳನ್ನು ಮೈಕ್ರೊವೇವ್‌ನಲ್ಲಿ ಇಡಬಾರದು, ಅವು ಹೊತ್ತಿಕೊಳ್ಳಬಹುದು ಮತ್ತು ಕೆಟ್ಟ ಆವಿ ಬಿಡಬಹುದು ಎಂದು ಅಮೆರಿಕದ ಕೃಷಿ ಇಲಾಖೆಯೇ ಎಚ್ಚರಿಸಿದೆ. ನಮ್ಮ ಕಿರಾಣಿ ಅಂಗಡಿಯ ಖಾಕಿ ಕವರ್ ಮರುಬಳಕೆಯ ಕಾಗದದ್ದು. ಅದರಲ್ಲಿ ಹಳೆಯ ಶಾಯಿ, ಅಂಟು, ಕೆಲವೊಮ್ಮೆ ಲೋಹದ ಚೂರೂ ಸೇರಿರಬಹುದು. ಹಳೆಯ ವೃತ್ತಪತ್ರಿಕೆಯಿಂದ ಅಂಟಿಸಿದ ಪೊಟ್ಟಣವಂತೂ ಬೇಡವೇ ಬೇಡ. ಆಹಾರವನ್ನು ವೃತ್ತಪತ್ರಿಕೆಯಲ್ಲಿ ಕಟ್ಟಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಮತ್ತೆ ಮತ್ತೆ ಹೇಳಿದೆ. ಬಾಯಿ ಮುಚ್ಚಲು ಸ್ಟೇಪ್ಲರ್ ಪಿನ್ ಹೊಡೆದರೆ ಕಿಡಿ ಹಾರುವ ಅಪಾಯವೂ ಸೇರಿಕೊಳ್ಳುತ್ತದೆ. ಮೈಕ್ರೊವೇವ್‌ಗೆ ಯೋಗ್ಯವೆಂದು ಸ್ಪಷ್ಟವಾಗಿ ನಮೂದಿಸಿದ ಆಹಾರ ದರ್ಜೆಯ ಚೀಲ ಸಿಕ್ಕರೆ ಮಾತು ಬೇರೆ. ಆದರೆ ಅದನ್ನೂ ಒಂದೆರಡು ಸಲ ಬಳಸಿ ಎಸೆಯಲೇಬೇಕಾದ್ದರಿಂದ ಕಸ ಕಡಿಮೆ ಮಾಡುವ ಉದ್ದೇಶ ಅರ್ಧಕ್ಕೇ ನಿಲ್ಲುತ್ತದೆ.

ಗಾಜಿನ ಬೋಗುಣಿ

ಬೊರೊಸಿಲಿಕೇಟ್ ಎಂಬ ಕಾವು ತಾಳುವ ಗಾಜಿನ, ಎರಡರಿಂದ ಎರಡೂವರೆ ಲೀಟರ್ ಹಿಡಿಯುವ, ತಳ ಗುಂಡಗಿರುವ ಬೋಗುಣಿ ಮನೆಯಲ್ಲಿ ಇದ್ದರೆ ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ತಳ ಗುಂಡಗಿರಬೇಕೆನ್ನಲು ಕಾರಣವಿದೆ: ಚಪ್ಪಟೆ ತಳದಲ್ಲಿ ಕಾಳು ಚದುರಿ ಒಂಟಿಯಾಗಿ ಕೂತು ಬಿಸಿ ಕಳೆದುಕೊಳ್ಳುತ್ತದೆ, ಗುಂಡು ತಳದಲ್ಲಿ ಅರಳಿದ್ದು ಮೇಲೇರಿದಂತೆ ಉಳಿದ ಕಾಳು ತಾನಾಗಿಯೇ ನಡುವಿಗೆ ಜಾರಿ ಒಟ್ಟುಗೂಡುತ್ತದೆ. ಮೂರು ದೊಡ್ಡ ಚಮಚ, ಅಂದರೆ ಸುಮಾರು 40 ಗ್ರಾಂ ಕಾಳಿಗೆ ಒಂದು ಸಣ್ಣ ಚಮಚ ಶೇಂಗಾ ಎಣ್ಣೆ ಅಥವಾ ತುಪ್ಪ ಹಾಕಿ, ಪ್ರತಿ ಕಾಳೂ ಹೊಳೆಯುವಂತೆ ಕೈಯಾಡಿಸಬೇಕು. ಎಣ್ಣೆಯಿಲ್ಲದೆಯೂ ಅರಳುತ್ತದೆ, ಆದರೆ ಎಣ್ಣೆ ಒಂದು ಕಾಳಿನ ಬಿಸಿಯನ್ನು ಪಕ್ಕದ ಕಾಳಿಗೆ ದಾಟಿಸುವುದರಿಂದ ಕೆಳಗೆ ಉಳಿಯುವ ಗಟ್ಟಿ ಕಾಳು ಕಡಿಮೆಯಾಗುತ್ತದೆ, ಉಪ್ಪು ಹಿಡಿಯುವುದಕ್ಕೂ ಅನುಕೂಲ. ಈ ಅಳತೆಯಲ್ಲಿ ಒಟ್ಟು ಕೊಬ್ಬು ಅನೇಕ ಸಿದ್ಧ ಪೊಟ್ಟಣಗಳಿಗಿಂತ ಕಡಿಮೆಯೇ.

ಮೇಲೆ ಪಿಂಗಾಣಿ ಅಥವಾ ಗಾಜಿನ ತಟ್ಟೆ ಮುಚ್ಚಿ. ಮೆಲಮೈನ್ ತಟ್ಟೆ ಬೇಡ, ಸ್ಟೀಲ್ ತಟ್ಟೆಯ ಯೋಚನೆಯೂ ಬೇಡ. ಚಿನ್ನದ ಅಂಚಿನ ಪಿಂಗಾಣಿಯೂ ಲೋಹವೇ ಎಂಬುದನ್ನು ಮರೆಯಬಾರದು. ತಟ್ಟೆ ಬೋಗುಣಿಯ ಬಾಯಿಗೆ ಬಿಗಿಯಾಗಿ ಕೂರಬಾರದು. ಹಬೆ ಹೋಗಲು ಸಣ್ಣ ಸಂದು ಇರಬೇಕು. ಇಲ್ಲದಿದ್ದರೆ ಅರಳು ಗರಿಗರಿಯಾಗದೆ ತೊಗಲಿನಂತೆ ಜಿಗುಟಾಗುತ್ತದೆ. ನಮ್ಮಲ್ಲಿ ಮಾರಾಟವಾಗುವ ಅನೇಕ ಓವನ್‌ಗಳಲ್ಲಿ ಗ್ರಿಲ್, ಕನ್ವೆಕ್ಷನ್ ಎರಡೂ ಇರುತ್ತವಾದ್ದರಿಂದ ಬರಿಯ ಮೈಕ್ರೊವೇವ್ ವಿಧಾನವೇ ಆಯ್ಕೆಯಾಗಿದೆಯೇ ಎಂದು ನೋಡಿ, ಶಕ್ತಿಯನ್ನು ಪೂರ್ತಿಗೆ ಇಡಿ.

900 ವಾಟ್ ಓವನ್‌ನಲ್ಲಿ ಇದಕ್ಕೆ ಮೂರರಿಂದ ನಾಲ್ಕು ನಿಮಿಷ ಹಿಡಿಯುತ್ತದೆ, 700 ವಾಟಿನದರಲ್ಲಿ ಇನ್ನೂ ಒಂದು ನಿಮಿಷ ಹೆಚ್ಚು. ಮೊದಲ ಎರಡು ನಿಮಿಷ ಏನೂ ಆಗುತ್ತಿಲ್ಲವೆಂದೇ ತೋರುತ್ತದೆ. ಗಾಜಿನ ಒಳಮೈ ಮಸುಕಾಗಿ ಹಬೆ ಕಟ್ಟಿಕೊಳ್ಳುವುದು ಮಾತ್ರ ಕಾಣುತ್ತದೆ. ಆಮೇಲೆ ಒಂದು, ಎರಡು, ನಂತರ ಒಂದರ ಮೇಲೊಂದು ಕಾಳು ಸಿಡಿದು ತಟ್ಟೆಗೆ ಬಡಿಯತೊಡಗುತ್ತದೆ. ಈ ಹೊತ್ತಿನಲ್ಲಿ ಗಡಿಯಾರವನ್ನು ಬಿಟ್ಟು ಸದ್ದನ್ನು ನಂಬಬೇಕು. ಒಂದು ಸಿಡಿತಕ್ಕೂ ಮುಂದಿನದಕ್ಕೂ ಎರಡು ಸೆಕೆಂಡಿನ ಅಂತರ ಬಂತೆಂದರೆ ಅಲ್ಲಿಗೆ ನಿಲ್ಲಿಸಿ. ಇನ್ನಷ್ಟು ಅರಳಲಿ ಎಂದು ಬಿಟ್ಟರೆ ಅರಳಿದ್ದು ಕಂದಿ, ಹೊಗೆಯಾಡಿ, ಓವನ್ನಿಗೆ ದಿನಗಟ್ಟಲೆ ಸೀದ ವಾಸನೆ ಹಿಡಿಯುತ್ತದೆ. ಓವನ್ ಮೇಲೆ ಪಾಪ್‌ಕಾರ್ನ್ ಎಂದೇ ಬರೆದ ಗುಂಡಿ ಇದ್ದರೂ ಅದನ್ನು ಒತ್ತಿ ಅಡುಗೆಮನೆಯಿಂದ ಆಚೆ ಹೋಗಬಾರದು. ಅದು ಸಿದ್ಧ ಪೊಟ್ಟಣದ ಅಳತೆಗೆ ಹೊಂದಿಸಿದ್ದು.

ಈ ವಿಧಾನದ ನಿಜವಾದ ಕೊರತೆ ಬಿಸಿ. ಅರಳಿ ಮುಗಿಯುವಾಗ ಬೋಗುಣಿಯ ತಳ ಕೈ ಸುಡುವಷ್ಟು ಕಾದಿರುತ್ತದೆ, ತಟ್ಟೆಯ ಅಡಿಯಲ್ಲಿ ಕುದಿಹಬೆ ಕಾದು ಕೂತಿರುತ್ತದೆ. ದಪ್ಪ ಬಟ್ಟೆಯಲ್ಲಿ ಹಿಡಿದು, ತಟ್ಟೆಯನ್ನು ನಿಮ್ಮ ಮುಖದಿಂದ ಆಚೆಗೆ ವಾಲಿಸಿ ತೆಗೆಯಬೇಕು. ಕಾದ ಗಾಜನ್ನು ಒದ್ದೆಯಾದ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟರೆ ಒಡೆಯುವ ಸಾಧ್ಯತೆಯಿದೆ. ಒಣಗಿದ ಮರದ ಹಲಗೆಯೋ ಮಡಿಚಿದ ಟವೆಲೋ ಸಾಕು. ಎರಡು ದೊಡ್ಡ ಚಮಚಕ್ಕಿಂತ ಕಡಿಮೆ ಕಾಳು ಹಾಕಬೇಡಿ, ಏಕೆಂದರೆ ತರಂಗಗಳನ್ನು ಹೀರಲು ಆಹಾರವೇ ಸಾಲದಾದಾಗ ಗಾಜೂ ಯಂತ್ರವೂ ಅನಗತ್ಯವಾಗಿ ಕಾಯುತ್ತವೆ. ಅರಳದ ಕಾಳು ಪೊಟ್ಟಣಕ್ಕಿಂತ ಇಲ್ಲಿ ತುಸು ಹೆಚ್ಚು ಉಳಿಯುತ್ತದೆ ಎಂಬುದೂ ನಿಜವೇ. ಅದು ಹಸಿ ಕಸ, ಗೊಬ್ಬರದ ಗುಂಡಿಗೆ ಹೋಗುತ್ತದೆ, ಎಸೆಯಬೇಕಾದದ್ದು ಅದೊಂದೇ.

ಸಿಲಿಕೋನ್ ಬಟ್ಟಲು

ಮುಚ್ಚಳದ ಸಮೇತ ಬರುವ, ಮಡಿಚಿಡಬಹುದಾದ ಸಿಲಿಕೋನ್ ಬಟ್ಟಲುಗಳು ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಅಂಚಿನ ಹಿಡಿಕೆಗಳು ಅಷ್ಟಾಗಿ ಕಾಯದಿರುವುದು, ಕೈತಪ್ಪಿ ಬಿದ್ದರೂ ಒಡೆಯದಿರುವುದು ಇವುಗಳ ಲಾಭ. ಪಿ.ಜಿ. ಕೋಣೆಯಲ್ಲಿ ಅಥವಾ ಹಾಸ್ಟೆಲ್‌ನಲ್ಲಿ ಹಂಚಿಕೊಂಡ ಓವನ್ ಬಳಸುವವರಿಗೆ, ಮಕ್ಕಳೇ ತಿಂಡಿ ಮಾಡಿಕೊಳ್ಳುವ ಮನೆಗೆ ಇದು ಗಾಜಿಗಿಂತ ಮೇಲು. ಆದರೆ ಅಗ್ಗದ ಸಿಲಿಕೋನ್‌ನಲ್ಲಿ ಬೇರೆ ವಸ್ತುಗಳನ್ನು ಬೆರೆಸಿರುತ್ತಾರೆ. ಕೊಂಡ ಮೇಲೆ ಒಂದು ಕಡೆ ಹಿಂಡಿ ಹಿಗ್ಗಿಸಿ ನೋಡಿ: ಹಿಗ್ಗಿದಲ್ಲಿ ಬಿಳಿಚಿಕೊಂಡರೆ ಬೆರಕೆ ಇರಬಹುದೆಂಬ ಅನುಮಾನ ಸಹಜ, ಕಾಯಿಸಿದಾಗ ರಬ್ಬರ್ ವಾಸನೆ ಬಂದರಂತೂ ಹಿಂದಿರುಗಿಸುವುದೇ ಸರಿ. ಎಣ್ಣೆಯ ಜಿಡ್ಡು ಸಿಲಿಕೋನ್‌ಗೆ ಅಂಟಿಕೊಂಡರೆ ಸುಲಭವಾಗಿ ಬಿಡುವುದಿಲ್ಲವಾದ್ದರಿಂದ ಇದರಲ್ಲಿ ಎಣ್ಣೆಯಿಲ್ಲದೆ ಅರಳಿಸಿ, ತುಪ್ಪವನ್ನು ಆಮೇಲೆ ಬೆರೆಸುವುದು ಲೇಸು. ಹಾಳಾದ ಸಿಲಿಕೋನ್ ಅನ್ನು ನಮ್ಮ ಗುಜರಿಯವರು ಕೊಳ್ಳುವುದಿಲ್ಲ. ಹಲವು ವರ್ಷ ಬಳಸುವ ನಿಶ್ಚಯವಿದ್ದರಷ್ಟೇ ಇದನ್ನು ಕಡಿಮೆ ಕಸದ ಆಯ್ಕೆ ಎನ್ನಬಹುದು.

ಓವನ್ನೇ ಇಲ್ಲದ ಮನೆಯವರು ಪಾಪ್‌ಕಾರ್ನ್‌ಗಾಗಿ ಅದನ್ನು ಕೊಳ್ಳಬೇಕಾಗಿಲ್ಲ. ದಪ್ಪ ತಳದ ಬಾಣಲೆಗೆ ಮುಚ್ಚಳ ಹಾಕಿ ಆಗಾಗ ಅಲುಗಾಡಿಸಿದರೆ ಅರಳು ಇಷ್ಟೇ ಚೆನ್ನಾಗಿ ಬರುತ್ತದೆ, ಅರಳದೆ ಉಳಿಯುವ ಕಾಳೂ ಕಡಿಮೆ. ಎಣ್ಣೆ ಮಾತ್ರ ಸ್ವಲ್ಪ ಹೆಚ್ಚು ಬೇಕು. ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಟ್ಟು, ಮುಚ್ಚಳವನ್ನು ಬಿಗಿಯದೆ ಮೇಲೆ ಇಡಬೇಕು. ಸಿಡಿದ ಚೂರು ಹಬೆಯ ತೂತನ್ನು ಮುಚ್ಚಿದರೆ ಅಪಾಯ.

ಖರ್ಚು

ಬೆಲೆಗಳು ಊರಿನಿಂದ ಊರಿಗೆ ಬೇರೆಯಾದ್ದರಿಂದ ಲೆಕ್ಕ ಹಾಕುವ ಬಗೆಯನ್ನು ಹೇಳುತ್ತೇನೆ, ನಿಮ್ಮ ಅಂಗಡಿಯ ಬೆಲೆಯನ್ನು ಅದರಲ್ಲಿ ತುಂಬಿಕೊಳ್ಳಿ. ಬಿಡಿ ಕಾಳು ಕಿಲೋಗೆ 150 ರೂಪಾಯಿ ಎಂದಿಟ್ಟುಕೊಂಡರೆ 40 ಗ್ರಾಂಗೆ 6 ರೂಪಾಯಿ ಬೀಳುತ್ತದೆ. ಎಣ್ಣೆಗೆ ಒಂದು ರೂಪಾಯಿ ಸೇರಿಸಿ. ನಾಲ್ಕು ನಿಮಿಷಕ್ಕೆ ಓವನ್ ಎಳೆಯುವ ವಿದ್ಯುತ್ತು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗದ ಆಸುಪಾಸಿನದು, ಅದಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ. ಹೀಗೆ ಎಂಟು ರೂಪಾಯಿಯೊಳಗೆ ಇಬ್ಬರಿಗೆ ಸಾಕಾಗುವಷ್ಟು ಅರಳು ಸಿದ್ಧ. ಸಿದ್ಧ ಪೊಟ್ಟಣದ ಬೆಲೆಯನ್ನು ಅದರ ನಿವ್ವಳ ತೂಕದಿಂದ ಭಾಗಿಸಿ 40ರಿಂದ ಗುಣಿಸಿದರೆ ಹೋಲಿಕೆ ತಾನಾಗಿಯೇ ತಿಳಿಯುತ್ತದೆ; 100 ಗ್ರಾಂ ಪೊಟ್ಟಣಕ್ಕೆ 40 ರೂಪಾಯಿ ಇದ್ದರೆ ಅದು 16 ರೂಪಾಯಿ. ಆ ತೂಕದಲ್ಲಿ ಐದನೇ ಒಂದು ಪಾಲು ಎಣ್ಣೆ ಮತ್ತು ಉಪ್ಪು ಎಂಬುದನ್ನೂ ನೆನಪಿಡಬೇಕು. ಸಿಲಿಕೋನ್ ಬಟ್ಟಲಿಗೆ 600 ರೂಪಾಯಿ ಕೊಟ್ಟವರು ಪ್ರತಿ ಸಲ ಎಂಟು ರೂಪಾಯಿ ಉಳಿಸಿದರೂ ಎಪ್ಪತ್ತೈದು ಸಲ ಬಳಸಿದ ಮೇಲೆ ಹಣ ಗಿಟ್ಟುತ್ತದೆ. ವಾರಕ್ಕೊಮ್ಮೆ ಮಾಡುವ ಮನೆಗೆ ಅದು ಸುಮಾರು ಒಂದೂವರೆ ವರ್ಷ.

ಉಪ್ಪು, ಖಾರ, ಮಕ್ಕಳು

ಉಪ್ಪನ್ನು ಕಾಳಿನ ಜೊತೆ ಹಾಕದೆ ಅರಳಿದ ಮೇಲೆ ಹಾಕಿ. ಪುಡಿ ಉಪ್ಪನ್ನೇ ಮಿಕ್ಸಿಯಲ್ಲಿ ಇನ್ನೂ ನಯ ಮಾಡಿಟ್ಟುಕೊಂಡರೆ ಅರ್ಧದಷ್ಟರಲ್ಲೇ ರುಚಿ ಬರುತ್ತದೆ, ಏಕೆಂದರೆ ಹರಳು ತಳಕ್ಕೆ ಜಾರಿ ವ್ಯರ್ಥವಾಗುತ್ತದೆ, ನಯವಾದದ್ದು ಅರಳಿನ ಮಡಿಕೆಗಳಲ್ಲಿ ನಿಲ್ಲುತ್ತದೆ. ಬೆಣ್ಣೆಯಲ್ಲಿ ನೀರಿರುವುದರಿಂದ ಅರಳು ಮೆತ್ತಗಾಗುತ್ತದೆ. ತುಪ್ಪಕ್ಕೆ ಆ ದೋಷವಿಲ್ಲ. ಶೇಂಗಾ ಚಟ್ನಿಪುಡಿ ಅಥವಾ ಅಗಸೆ ಚಟ್ನಿಪುಡಿಯನ್ನು ನಯವಾಗಿ ಜರಡಿ ಹಿಡಿದು ಉದುರಿಸಿದರೆ ಯಾವ ಪೊಟ್ಟಣದ ಮಸಾಲೆಯೂ ಬೇಕಾಗುವುದಿಲ್ಲ. ಆದರೆ ಪುಡಿಯಲ್ಲಿ ಉಪ್ಪು ಮೊದಲೇ ಇರುತ್ತದೆಯಾದ್ದರಿಂದ ಬೇರೆ ಉಪ್ಪು ಬೇಡ. ಸಕ್ಕರೆ ಕಾಯಿಲೆ ಇರುವವರು ಇದೂ ಪಿಷ್ಟವೇ ಎಂಬುದನ್ನು ಗಮನದಲ್ಲಿಟ್ಟು ಬಟ್ಟಲಿನಲ್ಲಿ ಅಳೆದು ತಿನ್ನುವುದು ಒಳ್ಳೆಯದು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಕೊಡಲೇಬಾರದು. ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟುವ ಆಹಾರಗಳಲ್ಲಿ ಅದೂ ಒಂದು.

ಕಾಳು ಕೊಳ್ಳುವುದು, ಕಾಪಿಡುವುದು

ದಾವಣಗೆರೆ, ಹಾವೇರಿ ಕಡೆ ಎಕರೆಗಟ್ಟಲೆ ಬೆಳೆಯುವ ಮೆಕ್ಕೆಜೋಳ ಇದಕ್ಕೆ ಬಾರದು; ಅದರ ಸಿಪ್ಪೆ ಹಬೆಯನ್ನು ತಡೆದು ನಿಲ್ಲಿಸುವುದಿಲ್ಲ, ಆದ್ದರಿಂದ ಕಾಳು ಹುರಿದುಹೋಗುತ್ತದೆಯೇ ಹೊರತು ಅರಳುವುದಿಲ್ಲ. ಅಂಗಡಿಯಲ್ಲಿ ಪಾಪ್‌ಕಾರ್ನ್ ಜೋಳ ಎಂದೇ ಕೇಳಬೇಕು. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಮಾಡುವ ಬಿಳಿ ಜೋಳದ ಅಳ್ಳು ಇದರ ಹತ್ತಿರದ ನೆಂಟ. ಆದರೆ ಆ ಸಣ್ಣ ಕಾಳು ಮೈಕ್ರೊವೇವ್‌ನಲ್ಲಿ ಸರಿಯಾಗಿ ಅರಳದೆ ಬಹುಪಾಲು ಉಳಿದುಬಿಡುತ್ತದೆ. ಅದಕ್ಕೆ ಕಾದ ಬಾಣಲೆಯೇ ಬೇಕು.

ದಿನಸಿ ಅಂಗಡಿಗೆ ನಿಮ್ಮದೇ ಡಬ್ಬಿ ಒಯ್ದು ಬಿಡಿಯಾಗಿ ತೂಗಿಸಿಕೊಂಡರೆ ಪ್ಲಾಸ್ಟಿಕ್ ಚೀಲವೂ ಉಳಿಯುತ್ತದೆ. ಆದರೆ ಗೋಣಿಯಲ್ಲಿ ಬಾಯಿ ತೆರೆದು ಬಹುದಿನ ಇಟ್ಟ ಕಾಳು ಒಣಗಿರಬಹುದಾದ್ದರಿಂದ ಮೊದಲು ಕಾಲು ಕಿಲೋ ಮಾತ್ರ ತಂದು ಅರಳಿಸಿ ನೋಡಿ. ತಂದದ್ದನ್ನು ಗಾಳಿಯಾಡದ ಗಾಜಿನ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಬೇಕು. ಫ್ರಿಜ್‌ನ ಒಣಗಾಳಿ ಕಾಳಿನ ನೀರನ್ನು ಹೀರುವುದರಿಂದ ಅಲ್ಲಿ ಇಡಬಾರದು. ಒಂದು ಸಲ ತಂದ ಕಾಳು ಹೆಚ್ಚಾಗಿ ಅರಳದೆ ಉಳಿಯತೊಡಗಿದರೆ ಎಸೆಯುವ ಮೊದಲು ಮೂರು ಕಪ್ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಮುಚ್ಚಳ ಬಿಗಿದು, ಮೊದಲ ದಿನ ಆಗಾಗ ಕುಲುಕುತ್ತ ಎರಡು ಮೂರು ದಿನ ಬಿಡಿ. ಆಮೇಲೆ ಒಂದು ಚಮಚದಷ್ಟು ಕಾಳನ್ನು ಬಾಣಲೆಯಲ್ಲಿ ಪರೀಕ್ಷಿಸಿ. ಚೆನ್ನಾಗಿ ಅರಳಿದರೆ ಉಳಿದದ್ದನ್ನು ಬೇಗ ಬಳಸಿ ಮುಗಿಸಬೇಕು, ಹೆಚ್ಚು ದಿನ ಇಟ್ಟರೆ ಬೂಷ್ಟು ಹಿಡಿಯುತ್ತದೆ.